ಹೋಬರ್ಟ್ ಮಾಡಿದ ಅದಲುಬದಲು

“ಪ್ಲಾಸ್ಟಿಕ್ಕಿನಲ್ಲಿ ಬಕೆಟ್ ಮಾಡಲಿ, ಬಾಚಣಿಗೆ ಮಾಡಲಿ, ನಾನು ಬೇಡ ಅನ್ನಲ್ಲ. ಆದ್ರೆ ಪಿಸ್ತೂಲು? ಗಂಡಸಾದವನ ಕೈಯಲ್ಲಿ ಉಕ್ಕು ಇರಬೇಕು, ಉಕ್ಕು!”

ಶನಿವಾರ ಬೆಳಿಗ್ಗೆ ಅಡುಗೆಮನೆಯ ನಟ್ಟನಡುವೆ ನಿಂತು ಹೋಬರ್ಟ್ ಸ್ಟಿಡಮ್ ಈ ಘೋಷಣೆ ಹೊರಡಿಸಿದಾಗ ಅವನ ಕೈಯಲ್ಲಿದ್ದದ್ದು ಕಾಫಿ ಲೋಟ. ಹೆಂಡತಿ ಅರ್ಲೀನ್ ಹಿಟ್ಟು ನಾದುತ್ತಲೇ, “ಮೊದ್ಲು ಆ ಲೋಟ ತೊಳೆದಿಡು, ಆಮೇಲೆ ಉಕ್ಕು ಹಿಡಿಯುವಿಯಂತೆ” ಎಂದಳು.

ಅಮೆರಿಕದ ಕೆಂಟಕಿಯ ಆ ಗುಡ್ಡದೂರಿನಲ್ಲಿ ಪಿಸ್ತೂಲಿಲ್ಲದ ಮನೆಯೆಂದರೆ ನಾಯಿಯಿಲ್ಲದ ಮನೆಯ ಹಾಗೆ, ನೋಡಿದವರು ಮರುಗುತ್ತಾರೆ. ಸ್ಟಿಡಮ್ ದಂಪತಿಯಂತೂ ಕಟ್ಟಾ ಬ್ಯಾಪ್ಟಿಸ್ಟ್ ಕ್ರೈಸ್ತರು. ಅವರ ಮನೆಯಲ್ಲಿ ಗುಂಡು ಎಂದರೆ ಪಿಸ್ತೂಲಿನದು ಮಾತ್ರ; ಇನ್ನೊಂದು ಬಗೆಯ ಗುಂಡಿಗೆ ಹೊಸ್ತಿಲು ದಾಟುವ ಅಪ್ಪಣೆಯಿರಲಿಲ್ಲ!

ಹೋಬರ್ಟನ ತಲೆ ಕೆಡಿಸಿದ್ದು ಕ್ಲೀಟಸನ ಬಂದೂಕಿನಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಒಂದು ಪಿಸ್ತೂಲು. ಮೊದಲ ಮಹಾಯುದ್ಧಕ್ಕೆ ಹೋದ ಹೋಬರ್ಟನ ಅಜ್ಜ ಸೊಂಟಕ್ಕೆ ಕಟ್ಟಿದ್ದಂಥದ್ದೇ. ಅಪ್ಪಟ ಉಕ್ಕು, ಅಕ್ರೋಟು ಮರದ ಹಿಡಿ. ಅಸಲಿಯಲ್ಲ, ಈಚೆಗೆ ತಯಾರಾದ ತದ್ರೂಪು. “ತದ್ರೂಪಾದ್ರೇನಂತೆ? ನಾನೂ ನಮ್ಮಜ್ಜನ ತದ್ರೂಪೇ ತಾನೆ!” ಎಂದುಕೊಂಡ ಹೋಬರ್ಟ್, ಮಲಗುವ ಕೋಣೆಯ ಕಬ್ಬಿಣದ ಪೆಟ್ಟಿಗೆಗೆ ಕೈಹಾಕಿ, ಸಿಕ್ಕಿದ ಪ್ಲಾಸ್ಟಿಕ್ ಮೈಯ ಹೊಸಕಾಲದ ಪಿಸ್ತೂಲನ್ನು ಕ್ಲೀಟಸನಿಗೆ ಒಯ್ದು ಕೊಟ್ಟು, ಬದಲಿಗೆ ಉಕ್ಕಿನದನ್ನು ಹೊತ್ತು ತಂದ. ಹೊತ್ತು ತಂದ ಎನ್ನುವುದು ಅಲಂಕಾರದ ಮಾತಲ್ಲ. ಅದರ ಭಾರಕ್ಕೆ ಅವನ ಪ್ಯಾಂಟು ದಾರಿಯಲ್ಲಿ ಎರಡು ಸಲ ಜಾರಿತ್ತು.

ಸಂಜೆ ಹಿತ್ತಲಿನ ಗುಡ್ಡದ ಬುಡದಲ್ಲಿ ಡಬ್ಬಿಯೊಂದನ್ನಿಟ್ಟು ಗುರಿ ಹಿಡಿದು ಹಾರಿಸಿದ. ಪಿಸ್ತೂಲಿನ ಬೆನ್ನಿಗಿದ್ದ ಹಳೆಯ ಮಾದರಿಯ ಕುದುರೆ, ಅಂದರೆ ಗುಂಡಿಗೆ ಬಡಿಯುವ ಪುಟ್ಟ ಸುತ್ತಿಗೆ, ಹಿಂದಕ್ಕೆ ಬಂದು ಹೆಬ್ಬೆರಳಿನ ಬುಡದ ಮಾಂಸವನ್ನು ಕಚ್ಚಿತು. ಡಬ್ಬಿಗೆ ಗಾಯವಾಗಲಿಲ್ಲ, ಹೋಬರ್ಟನಿಗಾಯಿತು.

“ನಿಮ್ಮಜ್ಜ ಯುದ್ಧದಲ್ಲಿ ಬದುಕಿ ಬಂದದ್ದೇ ಹೆಚ್ಚು” ಎನ್ನುತ್ತ ಅರ್ಲೀನ್ ಪಟ್ಟಿ ಕಟ್ಟಿದಳು.

ಮರುದಿನ ಭಾನುವಾರ. ಚರ್ಚಿನ ಪಾದ್ರಿ ಬ್ರದರ್ ಎಲ್ಡನ್ ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಅವರೆದುರು ಉಕ್ಕು ಫಳಫಳ ಹೊಳೆಯಬೇಕೆಂದು ಹೋಬರ್ಟ್ ಊಟದ ಮೇಜಿನ ಮೇಲೇ ಹಳೆಯ ಪತ್ರಿಕೆ ಹಾಸಿ, ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು ಬಿಚ್ಚತೊಡಗಿದ. ಪ್ಲಾಸ್ಟಿಕ್ಕಿನದು ಬಾಳೆಹಣ್ಣಿನ ಹಾಗೆ ಸುಲಿದುಕೊಳ್ಳುತ್ತಿತ್ತು. ಇದು ಹಾಗಲ್ಲ! ಮೂತಿಯ ಬಳಿ ಬಿಗಿಯಾದ ಸ್ಪ್ರಿಂಗಿಗೆ ಬೆರಳ ತುದಿಯಷ್ಟು ದೊಡ್ಡ ಉಕ್ಕಿನ ಟೋಪಿಯೊಂದಿತ್ತು. ಹೋಬರ್ಟನ ಪಟ್ಟಿ ಕಟ್ಟಿದ ಹೆಬ್ಬೆರಳು ಜಾರಿತು.

ಠಣ್!

ಟೋಪಿ ಅವನ ಕಿವಿಯ ಪಕ್ಕದಲ್ಲೇ ಹಾರಿ, ಚಾವಣಿಗೆ ಬಡಿದು, ಮಾಯವಾಯಿತು.

“ಕ್ಲೀಟಸ್ ನಿನಗೆ ಟೋಪಿ ಹಾಕಿದ ಅಂತ ನಿನ್ನೆನೇ ಗೊತ್ತಾಯ್ತು. ಈಗ ಆ ಟೋಪಿನೂ ಹಾರಿಹೋಯ್ತಾ?” ಎಂದಳು ಅರ್ಲೀನ್.

ಗಂಡ ಹೆಂಡತಿ ಇಬ್ಬರೂ ಫ್ರಿಜ್ಜಿನ ಕೆಳಗೆ ತಲೆಯಿಟ್ಟು ಹುಡುಕುತ್ತಿದ್ದಾಗಲೇ ಬ್ರದರ್ ಎಲ್ಡನ್ ಒಳಬಂದರು. “ಪ್ರಾರ್ಥನೆ ಮಾಡ್ತಿದ್ದೀರಾ? ಮಾಡಿ, ಮಾಡಿ” ಎಂದು ತಾವೂ ಮೊಣಕಾಲೂರುವುದರಲ್ಲಿದ್ದರು!

ಊಟ ಬಡಿಸಿದ್ದಾಯಿತು. ಕರಿದ ಕೋಳಿ, ಮೆಕ್ಕೆಜೋಳದ ಬ್ರೆಡ್ಡು, ಕಿವುಚಿದ ಆಲೂಗಡ್ಡೆ, ಗ್ರೇವಿ. ಪಾದ್ರಿಗಳು ಎರಡನೆಯ ತುತ್ತಿಗೇ ಅಗಿಯುವುದನ್ನು ನಿಲ್ಲಿಸಿ, ಬಾಯಿಂದ ಏನನ್ನೋ ತೆಗೆದು ತಟ್ಟೆಯಂಚಿಗಿಟ್ಟರು. ಉಕ್ಕಿನ ಟೋಪಿ!

“ಸಿಸ್ಟರ್ ಅರ್ಲೀನ್, ನಿಮ್ಮ ಆಲೂಗಡ್ಡೆ ಈ ಸಲ ಸ್ವಲ್ಪ ಗಟ್ಟಿ.”

ಅರ್ಲೀನಳ ಮುಖ ಕೆಂಪಾಯಿತು. ಮಾತು ತಿರುಗಿಸಲು ಹೋಬರ್ಟ್ ಉತ್ಸಾಹದಿಂದ ಬಾಯಿಬಿಟ್ಟ: “ನನ್ನ ಹಳೇ ಪಿಸ್ತೂಲು ನೋಡಿ ಕ್ಲೀಟಸ್ ಕುಣಿದಾಡಿಬಿಟ್ಟ, ಬ್ರದರ್. ಗುರಿ ಹಿಡಿಯೋಕೆ ಮೂತಿ ಮೇಲಿರೋ ಮೊನೆಗೆ ಕೆಂಪು ಚುಕ್ಕೆ ಇಟ್ಟಿದ್ದು ಭಾರೀ ಬುದ್ಧಿವಂತಿಕೆ ಅಂದ. ನಾನು ಯಾವಾಗ ಇಟ್ಟೆನೋ ನನಗೇ ನೆನಪಿಲ್ಲ!”

ಅರ್ಲೀನಳ ಕೈಯ ಸೌಟು ಗ್ರೇವಿಯಲ್ಲಿ ಮುಳುಗಿತು.

“ಅದು ನೀನಿಟ್ಟದ್ದಲ್ಲ, ಹೋಬರ್ಟ್. ನನ್ನ ನೇಲ್ ಪಾಲಿಶ್! ಪೆಟ್ಟಿಗೇಲಿ ಒಂದೇ ಥರದ್ದು ಎರಡಿದ್ವು. ನೀನು ಕೊಟ್ಟುಬಂದದ್ದು ನನ್ನದು!”

ಹೋಬರ್ಟನ ಬಾಯಲ್ಲಿದ್ದ ಕೋಳಿಕಾಲು ಅಲ್ಲೇ ನಿಂತಿತು. ಗುರುವಾರ ಊರಿನ ಹೆಂಗಸರ ಗುರಿ ಪಂದ್ಯ. ಸತತ ಮೂರು ವರ್ಷ ಪಾದ್ರಿಗಳ ಹೆಂಡತಿ ಮಾರ್ವಾಳ ಮುಂದೆ ಕೂದಲೆಳೆಯಲ್ಲಿ ಸೋತಿದ್ದ ಅರ್ಲೀನ್, ಈ ಸಲ ಗೆಲ್ಲಲೇಬೇಕೆಂದು ಚಳಿಗಾಲವಿಡೀ ಅದೇ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿದ್ದಳು.

“ಈಗ್ಲೇ ಹೋಗಿ ವಾಪಸ್ ತರ್ತೀನಿ!” ಎಂದು ಹೋಬರ್ಟ್ ಎದ್ದ.

ಬ್ರದರ್ ಎಲ್ಡನ್ ಕೆಮ್ಮಿದರು. “ಕೂತ್ಕೋ ಹೋಬರ್ಟ್. ನಿನ್ನೆ ಸಂಜೆ ಮಾರ್ವಾ ಕ್ಲೀಟಸನ ಅಂಗಡಿಯಿಂದ ಒಂದು ಪಿಸ್ತೂಲು ತಂದ್ಳು. ಅದರ ಮೇಲೆ ಕೆಂಪು ಚುಕ್ಕೆ ಇದೆ.”

“ಹಾಗಾದ್ರೆ ನೀವೇ ಕೊಡಿಸಿ, ಬ್ರದರ್!”

“ಸಿಂಹದ ಗುಹೆಗಿಳಿದ ದಾನಿಯೇಲನಿಗೆ ದೇವರ ಕಾವಲಿತ್ತಪ್ಪ. ಮಾರ್ವಾ ಕೈಯಿಂದ ಪಿಸ್ತೂಲು ಕಿತ್ಕೊಳ್ಳೋಕೆ ಹೋದೋನಿಗೆ ಕಾವಲಿರುತ್ತೆ ಅಂತ ಬೈಬಲ್ಲಲ್ಲಿ ಎಲ್ಲೂ ಬರೆದಿಲ್ಲ.”

ಪಾದ್ರಿಗಳು ಹೊರಟ ಮೇಲೆ ಅರ್ಲೀನ್ ಬೈಯಲಿಲ್ಲ, ಅಳಲಿಲ್ಲ. ಹೋಬರ್ಟನಿಗೆ ಭಯವಾದದ್ದೇ ಆಗ. ಅವಳು ಟೋಪಿಗೆ ಅಂಟಿದ್ದ ಆಲೂಗಡ್ಡೆ ತೊಳೆದು, ಪಿಸ್ತೂಲನ್ನು ನಿಧಾನವಾಗಿ ಜೋಡಿಸಿ ಕೈಯಲ್ಲಿ ತೂಗಿ ನೋಡಿದಳು.

“ನನ್ನದನ್ನ ಕೊಟ್ಟು ತಂದದ್ದು ಅಂದ್ಮೇಲೆ ಇದು ನನ್ನದೇ.”

“ಅರ್ಲೀನ್! ಹಾಗಾದ್ರೆ ನನಗೆ?”

“ನಿನ್ನದು ಪೆಟ್ಟಿಗೇಲೇ ಭದ್ರವಾಗಿದೆಯಲ್ಲ. ಪ್ಲಾಸ್ಟಿಕ್ಕಿನದು.”

ನಾಲ್ಕು ದಿನ ಹಿತ್ತಲಿನಲ್ಲಿ ಢಂ ಢಂ ಸದ್ದು. ಕುದುರೆ ಅರ್ಲೀನಳನ್ನು ಕಚ್ಚಲಿಲ್ಲ. ಅವಳ ಕೈ ಚಿಕ್ಕದು, ಹಿಡಿತ ಗಟ್ಟಿ. ಗುರುವಾರ ಬಂತು. ಮಾರ್ವಾ ಕೆಂಪು ಚುಕ್ಕೆ ನೋಡಿ ನೋಡಿ ಹೊಡೆದಳು. ಅರ್ಲೀನ್ ಭಾರದ ಉಕ್ಕನ್ನು ಅಲುಗದಂತೆ ಹಿಡಿದು, ಒಂದರ ಮೇಲೊಂದು ಗುಂಡನ್ನು ಗುರಿಯ ನಡುವಿಗೇ ಇಳಿಸಿದಳು. ಮೂರು ವರ್ಷದ ಸೋಲು ಒಂದು ಮಧ್ಯಾಹ್ನಕ್ಕೆ ತೀರಿತು! ಹೋಬರ್ಟ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಹೆಂಡತಿ ಗೆದ್ದ ಬಹುಮಾನದ ಬಟ್ಟಲನ್ನು ತಾನೇ ಹೊತ್ತುಕೊಂಡು ಎಲ್ಲರಿಗೂ ತೋರಿಸಿದ.

ಕ್ಲೀಟಸ್ ನಗುತ್ತ ಬಂದ. “ಏನ್ ಹೋಬರ್ಟ್, ಇನ್ನೇನಾದ್ರೂ ಬದಲಾಯಿಸೋದಿದ್ಯಾ?”

ಹೋಬರ್ಟ್ ಬಾಯಿ ತೆರೆಯುವ ಮೊದಲೇ ಅರ್ಲೀನ್, “ಇದೆ. ಇದೇ, ಇಲ್ಲಿ ನಿಂತಿದೆ. ಸದ್ದು ಜಾಸ್ತಿ, ಗುರಿ ಕಮ್ಮಿ. ತಗೋತೀಯಾ?” ಎಂದಳು.

ಕ್ಲೀಟಸ್ ಹೋಬರ್ಟನನ್ನು ಬೋಳುತಲೆಯಿಂದ ಬೂಟಿನವರೆಗೆ ಪರೀಕ್ಷಿಸಿ ತಲೆಯಲ್ಲಾಡಿಸಿದ. “ಬೇಡಪ್ಪ. ಈ ಮಾಡೆಲ್ಲಿಗೆ ಬಿಡಿಭಾಗ ಎಲ್ಲೂ ಸಿಗಲ್ಲ.”

“ನಂಗೂ ಕೈಗೆ ಒಗ್ಗಿಹೋಗಿದೆ ಬಿಡು” ಎಂದು ಅರ್ಲೀನ್ ಪಿಸ್ತೂಲಿನ ಚೀಲವನ್ನೂ ಗಂಡನ ಹೆಗಲಿಗೇರಿಸಿ ಮುಂದೆ ನಡೆದಳು.