ಪ್ಯಾರಾಮೀಸಿಯಂಗೆ ಚಹಾದ ಕಾಟವಿಲ್ಲ

ಬೇಡ ಎನ್ನಲು ಬಾರದ ಮನುಷ್ಯನಿಗೆ ದೇವರು ದೊಡ್ಡದೊಂದು ಮೂತ್ರಕೋಶವನ್ನಾದರೂ ಕೊಡಬೇಕಿತ್ತು. ನನಗೆ ಕೊಟ್ಟದ್ದು ಬಿ.ಎಸ್ಸಿ. ಪದವಿ. ಬನಹಟ್ಟಿಯ ನಮ್ಮ ನೇಕಾರ ಮನೆತನದಲ್ಲಿ ಅದನ್ನು ಪಡೆದ ಮೊದಲಿಗ ನಾನೇ. ಮಗ್ಗದ ಸದ್ದಿನಲ್ಲಿ ಕೂತು ಓದಿದವನು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನಗೆ ಬಲು ಪ್ರೀತಿಯ ಪಾಠ ಪ್ಯಾರಾಮೀಸಿಯಂನದು. ಒಂದೇ ಜೀವಕೋಶದ ಜೀವಿ, ಸಿಹಿನೀರಿನಲ್ಲಿ ವಾಸ. ಹೊರಗಿನ ನೀರಿಗಿಂತ ಅದರ ಒಳಗೆ ಲವಣ ಹೆಚ್ಚು. ಹಾಗಾಗಿ ನೀರು ಕರೆಯದೆಯೇ ಒಳಗೆ ನುಗ್ಗುತ್ತಿರುತ್ತದೆ. ಸುಮ್ಮನಿದ್ದರೆ ಉಬ್ಬಿ ಒಡೆಯಬೇಕು. ಆದರೆ ಅದರೊಳಗೆ ಎರಡು ಗುಳ್ಳೆಗಳಿವೆ. ಒಂದೊಂದೂ ನೀರು ತುಂಬಿಕೊಂಡು ಹಿಗ್ಗುತ್ತದೆ, ಕುಗ್ಗಿ ಹೊರಗೆ ಚೆಲ್ಲುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ, ನಾಚುವುದೂ ಇಲ್ಲ.

ನಾನು ನಾಚುವ ಪ್ರಾಣಿ. ಬೀಳಗಿಗೆ ಹೆಣ್ಣು ನೋಡಲು ಹೊರಟ ದಿನ ಇದು ಚೆನ್ನಾಗಿ ಮನವರಿಕೆಯಾಯಿತು. ಫೋಟೊ ನೋಡಿದಾಗಿನಿಂದ ನನಗೆ ಬೇರೆ ಹುಡುಗಿ ಬೇಡವಾಗಿತ್ತು. ಜೊತೆಗೆ ಬಂದ ಕಾಕಾ ಜಮಖಂಡಿಯಲ್ಲಿ ಬಸ್ಸಿಳಿದವರೇ ಬಳಗದವರ ಮನೆಗಳನ್ನೆಲ್ಲ ಮುಟ್ಟುತ್ತ ನಡೆದರು. ನಮ್ಮ ಕಡೆ ಮನೆಗೆ ಹೋಗಿ ಚಹಾ ಕುಡಿಯದೆ ಎದ್ದರೆ ಮುಂದಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ. ನಾನು ಬೇಡವೆಂದು ಕೈ ಅಡ್ಡ ಹಿಡಿದಾಗ ಕಾಕಾ ಕಿವಿಯಲ್ಲಿ, “ಕುಡೀ ಲೇ, ಸಾಲಿ ಕಲ್ತು ಸೊಕ್ಕ ಬಂದೈತಿ ಅಂತಾರ” ಅಂದರು. ಕುಡಿದೆ. ಎಲ್ಲ ಮನೆಗಳಲ್ಲೂ ಕುಡಿದೆ.

ಆಗ ನನ್ನೊಳಗಿನ ಪದವೀಧರ ಎದ್ದು ಕೂತ. ಉಪ್ಪುನೀರಿಗೆ ಬಿಟ್ಟರೆ ಪ್ಯಾರಾಮೀಸಿಯಂನ ಗುಳ್ಳೆ ನಿಧಾನವಾಗುತ್ತದಲ್ಲ, ನಾನೂ ಉಪ್ಪು ತಿಂದರಾಯಿತು! ಚಹಾದ ಜೊತೆ ಕೊಡುವ ಉಪ್ಪುಖಾರದ ಅವಲಕ್ಕಿ ಚೂಡಾ ಕೇಳಿ ಕೇಳಿ ತಿಂದೆ. ನೀರಡಿಕೆಯಾಗಿ ತಂಬಿಗೆಗಟ್ಟಲೆ ನೀರು ಕುಡಿದೆ. ನಿಲ್ದಾಣದಲ್ಲಿ ಹಗುರಾಗೋಣವೆಂದರೆ ಬಸ್ಸು ಹೊರಟು ನಿಂತಿತ್ತು. ಅದು ದಾರಿಯ ಪ್ರತಿ ತಗ್ಗಿನಲ್ಲೂ ನನ್ನ ವಿಜ್ಞಾನವನ್ನು ತಿದ್ದುತ್ತ ಸಾಗಿತು. ಬೀಳಗಿಯಲ್ಲಿ ಇಳಿದರೆ ಹುಡುಗಿಯ ಅಪ್ಪ ಎದುರುಗೊಳ್ಳಲು ಅಲ್ಲೇ ನಿಂತಿದ್ದರು.

ಮನೆಯಲ್ಲಿ ಅವರು, ಏನು ಕಲಿಸುತ್ತೀರಿ ಎಂದು ಕೇಳಿದರು. ಆ ಹೊತ್ತಿಗೆ ನನ್ನ ತಲೆಯಲ್ಲಿ ಬೇರೇನು ಉಳಿದಿತ್ತು? ಮೊಣಕಾಲು ಜೋಡಿಸಿಕೊಂಡು ಪ್ಯಾರಾಮೀಸಿಯಂ ಪಾಠ ಶುರುಮಾಡಿದೆ. ನೀರು ನುಗ್ಗಿತು, ಗುಳ್ಳೆ ಹಿಗ್ಗಿತು ಎನ್ನುವಷ್ಟರಲ್ಲಿ ಹುಡುಗಿ ಚಹಾ ತಂದಳು.

“ಹೊರಗ ಹಾಕದಿದ್ರ ಏನಾಕ್ಕೈತ್ರಿ?” ಎಂದಳು.

“ಒಡಿತೈತ್ರಿ” ಎಂದೆ.

ಅವಳು ನನ್ನ ಬೆವರಿದ ಹಣೆ ನೋಡಿದಳು, ಮೊಣಕಾಲು ನೋಡಿದಳು. ಚಹಾವನ್ನು ಹಿಂದಕ್ಕೆಳೆದುಕೊಂಡು, “ಅಪ್ಪಾ, ಅವರಿಗೆ ಮೊದ್ಲ ಹಿತ್ತಲ ತೋರಸು” ಎಂದಳು. ಕಾಕಾ ತಲೆ ತಗ್ಗಿಸಿದರು. ನಾನು ಓಡಿದೆ.

ಸಂಬಂಧ ತಪ್ಪಿತೆಂದೇ ಊರಿಗೆ ಬಂದೆವು. ಆದರೆ ಅವರು ಒಪ್ಪಿದರು. ಈಗ ಯಾರ ಮನೆಗೆ ಹೋದರೂ ಹೊಸ್ತಿಲಲ್ಲೇ ನನ್ನ ಹೆಂಡತಿ, “ಇವರಿಗೆ ಅರ್ಧಾ ಕಪ್ ಸಾಕ್ರಿ” ಅನ್ನುತ್ತಾಳೆ. ಅವಳ ಮೇಲೆ ಯಾರೂ ಬೇಸರ ಮಾಡಿಕೊಂಡಿಲ್ಲ. ಪ್ಯಾರಾಮೀಸಿಯಂ ಒಂದೇ ಜೀವಕೋಶದಲ್ಲಿ ಮುಗಿಸಿಕೊಳ್ಳುವ ಕೆಲಸಕ್ಕೆ ನನಗೆ ಮದುವೆಯೇ ಬೇಕಾಯಿತು.