ಡ್ರಿಲ್ ಮೇಷ್ಟ್ರ ಕುರ್ಚಿ

ಬೂಟಿನ ಲೇಸು ಕಟ್ಟಲು ಬಗ್ಗಿದ ಹೊತ್ತಿಗೇ ಸೀನು ಬರಬೇಕೇ? ಬಂತು. ಡ್ರಿಲ್ ಮೇಷ್ಟ್ರು ಸೀನಿದರು, ಸೊಂಟದಲ್ಲಿ ಏನೋ ಚಳಕ್ ಎಂದಿತು, ಆಮೇಲೆ ನೆಟ್ಟಗಾಗಲೂ ಆಗಲಿಲ್ಲ, ಪೂರ್ತಿ ಬಗ್ಗಲೂ ಆಗಲಿಲ್ಲ. ಅರ್ಧ ಮಡಚಿದ ಕೊಡೆಯ ಹಾಗೆ ಹೊಸ್ತಿಲ ಹತ್ತಿರ ನಿಂತುಬಿಟ್ಟರು.

"ಏನ್ರೀ ಅದು, ಏನು ಹುಡುಕ್ತಿದೀರಿ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು.

"ಏನೂ ಹುಡುಕ್ತಿಲ್ಲ ಕಣೇ. ಸೊಂಟ ಹಿಡ್ಕೊಂಡ್ತು."

"ಅಯ್ಯೋ, ಇವತ್ತೇ ಹಿಡ್ಕೋಬೇಕಿತ್ತಾ? ಸಾಹೇಬರು ಬರೋದು ಇವತ್ತಲ್ವಾ?"

ಇವತ್ತೇ. ಅದಕ್ಕೇ ಮೇಷ್ಟ್ರು ಬೂಟಿಗೆ ಪಾಲಿಶ್ ಹಾಕಿದ್ದು, ಅದಕ್ಕೇ ಲೇಸನ್ನು ಅಷ್ಟು ಅಚ್ಚುಕಟ್ಟಾಗಿ ಕಟ್ಟಲು ಹೋಗಿದ್ದು. ಶಾಲೆಯ ಲೈಬ್ರರಿ ನೋಡಿಕೊಳ್ಳುತ್ತಿದ್ದ ಮೇಡಂ ನಿವೃತ್ತರಾಗಿದ್ದರು. ಅವರ ಕುರ್ಚಿ ಖಾಲಿ ಬಿದ್ದಿತ್ತು. ಮೆತ್ತೆ ಇದ್ದ ಕುರ್ಚಿ, ಮೇಲೆ ಫ್ಯಾನು, ಸುತ್ತ ಬರೀ ಪುಸ್ತಕ. ಪುಸ್ತಕಗಳು ಓಡುವುದಿಲ್ಲ, ಮಂಡಿ ತರಚಿಕೊಂಡು ಅಳುವುದಿಲ್ಲ, "ಸಾರ್, ನೀರು ಕುಡ್ಕೊಂಡ್ ಬರ್ಲಾ" ಎನ್ನುವುದಿಲ್ಲ. ಮೇಷ್ಟ್ರು ಹರೆಯದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕೆ ಇಳಿದವರು. ಈಗ ತಲೆಗೂದಲೆಲ್ಲ ಬಿಸಿಲಿಗೆ ಹೋಗಿತ್ತು, ದನಿ ಕಿರುಚಿ ಕಿರುಚಿ ಹೋಗಿತ್ತು. ಕೂರಬೇಕು ಎನ್ನುವುದೊಂದೇ ಆಸೆ ಉಳಿದಿತ್ತು. ಆ ಕುರ್ಚಿ ಸಿಕ್ಕದಿದ್ದರೆ ಇನ್ನು ರಿಟೈರ್ ಆಗುವವರೆಗೂ ನಿಂತೇ ಇರಬೇಕು.

ಶಾಲೆಯಲ್ಲಿ ಯಾರಿಗೆ ಕೆಲಸ ಕಡಿಮೆಯೋ ಅವರನ್ನೇ ಅಲ್ಲಿ ಕೂರಿಸುವುದೆಂದು ಮೇಲಿನವರ ಅಪ್ಪಣೆ. ಅದನ್ನು ಕಣ್ಣಾರೆ ಕಂಡು ಹೇಳಲು ಇಲಾಖೆಯ ಸಾಹೇಬರು ಬರುತ್ತಿದ್ದರು. ಈ ಗುಟ್ಟು ಹೆಡ್‌ಮಿಸ್ಸಿಗೂ ಮೇಷ್ಟ್ರಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಸ್ಟಾಫ್ ರೂಮಿನಿಂದ ಲೈಬ್ರರಿಯವರೆಗೂ ಕ್ಯೂ ನಿಲ್ಲುತ್ತಿತ್ತು.

ಕೆಲಸ ಕಡಿಮೆ ಎಂದು ತೋರಿಸುವುದು ಮೇಷ್ಟ್ರಿಗೆ ಕಷ್ಟವೇನಲ್ಲ. ಟೈಮ್‌ಟೇಬಲ್ಲಿನಲ್ಲಿ ಅವರ ಪೀರಿಯಡ್ಡು ಇರುತ್ತಿದ್ದದ್ದೇ ಉಳಿದವರು ಕೇಳಿ ತೆಗೆದುಕೊಳ್ಳಲಿ ಎಂದು. ಲೆಕ್ಕದ ಮೇಷ್ಟ್ರಂತೂ ಮಕ್ಕಳು ಬೂಟು ಹಾಕಿಕೊಳ್ಳುವ ಮುಂಚೆಯೇ ಬಾಗಿಲಲ್ಲಿ ಹಾಜರು. "ಸಾರ್, ಪೋರ್ಷನ್ ಮುಗಿದಿಲ್ಲ, ಇದೊಂದು ಪೀರಿಯಡ್ ಕೊಟ್ಬಿಡಿ." ಮೊದಮೊದಲು ಡ್ರಿಲ್ ಮೇಷ್ಟ್ರು ಜಗಳ ಆಡಿದರು. ಆಮೇಲೆ ಗೊಣಗಿದರು. ಕಡೆಗೆ ಕೇಳುವ ಮುಂಚೆಯೇ ಕೊಡತೊಡಗಿದರು.

ಹೆಂಡತಿ ಸೊಂಟಕ್ಕೆ ಮುಲಾಮು ಹಚ್ಚಿ, ಹಳೇ ಬೆಡ್‌ಶೀಟು ಹರಿದು ಬಿಗಿಯಾಗಿ ಸುತ್ತಿದಳು. ಗೋಡೆಗೆ ಬಿಗಿದು ನಿಲ್ಲಿಸಿದ ಹಾಗಾಯಿತು. ಮೇಷ್ಟ್ರು ಹೇಗೋ ಶಾಲೆ ಮುಟ್ಟಿದರು.

"ಇದೇನ್ ಮೇಷ್ಟ್ರೇ, ಹೀಗೆ ನಡೀತಿದೀರಿ?" ಹೆಡ್‌ಮಿಸ್ಸು ಗಾಬರಿಯಾದರು.

"ಸೊಂಟ ಹಿಡ್ಕೊಂಡಿದೆ ಮೇಡಂ. ಒಂದು ರೀತಿ ಒಳ್ಳೇದೇ ಆಯ್ತು. ಸಾಹೇಬರಿಗೆ ತೋರಿಸಿದ್ರೆ ಕುರ್ಚಿ ಗ್ಯಾರಂಟಿ."

"ಬಾಯಿ ಬಿಟ್ಟೀರಿ, ಜೋಕೆ! ಮೈ ಸರಿ ಇಲ್ಲ ಅಂತ ಗೊತ್ತಾದ್ರೆ ಕುರ್ಚಿ ಕೊಡಲ್ಲ, ಮನೆಗೇ ಕಳಿಸ್ತಾರೆ. ನೀವು ಗಟ್ಟಿಮುಟ್ಟಾಗಿರಬೇಕು, ಆದ್ರೆ ಕೆಲಸ ಇರಬಾರದು. ಹೋಗಿ, ಖಾಲಿ ಗ್ರೌಂಡಲ್ಲಿ ಒಬ್ಬರೇ ನಿಂತಿರಿ. ಸಾಹೇಬರು ಒಂದು ಸಲ ನೋಡಿದ್ರೆ ಸಾಕು."

ಇದಕ್ಕಿಂತ ಸುಲಭದ ಕೆಲಸ ಇನ್ನೇನಿದೆ? ಮೇಷ್ಟ್ರು ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು, ಮೆಟ್ಟಿಲಿಗೊಮ್ಮೆ ಹಲ್ಲು ಕಚ್ಚಿ, ಮೈದಾನಕ್ಕಿಳಿದು ವಾಲಿಬಾಲ್ ಕಂಬ ಹಿಡಿದು ನಿಂತರು. ಒಂದು ಕೈ ಕಂಬದ ಮೇಲೆ, ಇನ್ನೊಂದು ಸೊಂಟದ ಮೇಲೆ. ಯಾವ ಕೈ ತೆಗೆದರೂ ನೆಲಕ್ಕೆ ಬೀಳುವ ಸ್ಥಿತಿ.

ಅಷ್ಟರಲ್ಲಿ ಲೆಕ್ಕದ ಮೇಷ್ಟ್ರು ಬೆವರೊರೆಸಿಕೊಳ್ಳುತ್ತಾ ಓಡಿ ಬಂದರು.

"ಸಾರ್, ನೀವೇ ಕಾಪಾಡ್ಬೇಕು. ಸಾಹೇಬರು ಗೇಟ್ ಹತ್ರ ಬಂದಿದಾರಂತೆ. ನಮ್ಮ ಹುಡುಗರಿಗೆ ಮಗ್ಗಿ ಕೇಳಿದ್ರೆ ನನ್ನ ಮಾನ ಹರಾಜು. ಎಷ್ಟು ವರ್ಷದಿಂದ ನಿಮ್ಮ ಪೀರಿಯಡ್ ತಿಂದಿದೀನಿ, ಇವತ್ತು ವಾಪಸ್ ಕೊಡ್ತಿದೀನಿ. ತಗೊಳ್ಳಿ!"

"ಉಂ... ಉಂ..." ಎಂದರು ಡ್ರಿಲ್ ಮೇಷ್ಟ್ರು. ಬಾಯಲ್ಲಿ ಸೀಟಿ, ಬೇಡವೆಂದು ಕೈ ಆಡಿಸಲು ಕೈ ಖಾಲಿ ಇಲ್ಲ.

"ನಿಮ್ಮದು ದೊಡ್ಡ ಮನಸ್ಸು ಸಾರ್!" ಎಂದು ಲೆಕ್ಕದ ಮೇಷ್ಟ್ರು ಬಂದ ವೇಗದಲ್ಲೇ ಮಾಯವಾದರು.

ಅವರ ಮಕ್ಕಳು ಮೈದಾನಕ್ಕೆ ಹರಿದು ಬಂದರು. ಅದನ್ನು ಕಿಟಕಿಯಿಂದ ಕಂಡ ವಿಜ್ಞಾನದ ಟೀಚರಿಗೆ ತಮ್ಮ ಮಕ್ಕಳಿಗೂ ಸ್ವಲ್ಪ ವ್ಯಾಯಾಮ ಬೇಕು ಅನ್ನಿಸಿತು. ಭಾಷೆಯ ಪಂಡಿತರಿಗೆ ಇದ್ದಕ್ಕಿದ್ದಂತೆ ಗಂಟಲು ಕಟ್ಟಿತು. ನೋಡನೋಡುತ್ತಲೇ ಇಡೀ ಶಾಲೆ ಬಯಲಿಗೆ ಬಂದು ಬಿತ್ತು. ಮೇಷ್ಟ್ರಿಗೆ ಕುರ್ಚಿ ಕಣ್ಣೆದುರೇ ದೂರ ಸರಿಯುತ್ತಿರುವ ಹಾಗೆ ಕಂಡಿತು.

ಇರಲಿ, ಗಲಾಟೆಯಾದರೂ ಮಾಡುತ್ತಾರೆ, ಇದು ಡ್ರಿಲ್ಲಲ್ಲ, ಬರೀ ದೊಂಬಿ ಎಂದು ಸಾಹೇಬರು ತಿಳಿದುಕೊಳ್ಳುತ್ತಾರೆ ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡರು. ಆದರೆ ಮಕ್ಕಳು ಗಲಾಟೆ ಮಾಡಲಿಲ್ಲ. ಎಷ್ಟೋ ದಿನದ ಮೇಲೆ ಮೈದಾನ ಸಿಕ್ಕಿತ್ತು. ಕಮಕ್ ಕಿಮಕ್ ಎಂದರೆ ವಾಪಸ್ ಕ್ಲಾಸಿಗೆ ಕಳಿಸಿಬಿಡುತ್ತಾರೆಂಬ ಭಯಕ್ಕೆ ಗೆರೆ ಎಳೆದ ಹಾಗೆ ಸಾಲಾಗಿ ನಿಂತರು. ಹತ್ತನೇ ಕ್ಲಾಸಿನ ಲೀಡರ್ ಹುಡುಗಿ ಮುಂದೆ ಬಂದು ಕೇಳಿದಳು: "ಸಾರ್, ಶುರು ಮಾಡೋಣ್ವಾ?"

ಕೂತುಕೊಳ್ಳಿ ಎನ್ನಲು ಮೇಷ್ಟ್ರು ಕೊಂಚ ತಿರುಗಿದರು. ಸೊಂಟ ಮತ್ತೆ ಚಳಕ್ ಎಂದಿತು. ಬಾಯಿಂದ ಬರಬೇಕಿದ್ದ ನರಳಾಟ ಸೀಟಿಯೊಳಗಿಂದ "ಪೀಂ" ಎಂದು ಬಂತು. ಇಡೀ ಶಾಲೆ ಕೈ ಮೇಲೆತ್ತಿತು. ಮೇಷ್ಟ್ರು ಗಾಬರಿಯಿಂದ ಕಾಲು ಬದಲಿಸಿದರು. "ಪೀಂ." ಕೈಗಳು ಪಕ್ಕಕ್ಕೆ ಬಂದವು. ಆಮೇಲೆ ನೋವಿಗೆ ಕೊನೆಯಿರಲಿಲ್ಲ, ಡ್ರಿಲ್ಲಿಗೂ ಇರಲಿಲ್ಲ. ಮೇಷ್ಟ್ರು ನರಳಿದ ಹಾಗೆಲ್ಲ ಮಕ್ಕಳು ಬಗ್ಗಿದರು, ಎದ್ದರು, ಎಗರಿದರು.

ಬೆವರಿ ಕೆಂಪಾದ ಆ ಮುಖಗಳಲ್ಲಿ ಎಂಥ ಖುಷಿ! ತಾನು ಈ ಕೆಲಸಕ್ಕೆ ಸೇರಿದ್ದು ಇದನ್ನು ನೋಡುವುದಕ್ಕೇ ಎಂದು ಮೇಷ್ಟ್ರಿಗೆ ಒಂದು ಗಳಿಗೆ ನೆನಪಾಯಿತು. ಕಣ್ಣು ಒದ್ದೆಯಾಯಿತು. ಅರ್ಧ ಸೊಂಟದಿಂದ, ಅರ್ಧ ನಿಜವಾಗಿಯೂ. ಆದರೆ ಆ ಗಳಿಗೆ ಮುಗಿದ ಕೂಡಲೇ ಮತ್ತೆ ಕುರ್ಚಿಯೇ ಬೇಕೆನಿಸಿತು.

ಸಾಹೇಬರು ಯಾವಾಗಲೋ ಬಂದು ಹಿಂದೆ ನಿಂತಿದ್ದರು.

"ಭೇಷ್! ಎಷ್ಟು ಶಾಲೆ ನೋಡಿದೀನಿ ನಾನು. ಎಲ್ಲಾ ಕಡೆ ಮೇಷ್ಟ್ರು ಕಿರುಚ್ತಾರೆ, ಓಡಾಡ್ತಾರೆ. ನೀವು ನಿಂತಲ್ಲಿಂದ ಕದಲಲಿಲ್ಲ, ಒಂದು ಮಾತೂ ಆಡಲಿಲ್ಲ. ಏನ್ರೀ ನಿಮ್ಮ ಹಿಡಿತ!"

"ಪೀಂ," ಎಂದರು ಮೇಷ್ಟ್ರು.

ಸಂಜೆ ಹೆಡ್‌ಮಿಸ್ಸಿನ ಕೋಣೆಯಲ್ಲಿ ಸಾಹೇಬರು ಕಾಫಿ ಕುಡಿಯುತ್ತಾ, ಪಕ್ಕದಲ್ಲಿ ನಿಂತಿದ್ದ ಡ್ರಿಲ್ ಮೇಷ್ಟ್ರನ್ನು ತೋರಿಸಿ ತೀರ್ಪು ಕೊಟ್ಟರು. "ಇವರನ್ನ ಲೈಬ್ರರೀಲಿ ಕೂರಿಸೋದಾ? ಮೇಡಂ, ನಿಮಗೆ ತಲೆ ಸರಿ ಇದೆಯಾ? ಇಡೀ ಶಾಲೇಲಿ ಕೆಲಸ ಮಾಡ್ತಿರೋರು ಇವರೊಬ್ಬರೇ. ಬರುವಾಗ ನಾನೇ ನೋಡಿದೆನಲ್ಲ, ಅಲ್ಲೊಬ್ಬರು ಖಾಲಿ ಕ್ಲಾಸಲ್ಲಿ ಗಲ್ಲಕ್ಕೆ ಕೈ ಕೊಟ್ಕೊಂಡು ಕೂತಿದ್ರು. ಎದುರಿಗೆ ಒಂದು ನರಪಿಳ್ಳೆ ಇಲ್ಲ. ಅವರನ್ನ ಕರೀರಿ."

ಲೆಕ್ಕದ ಮೇಷ್ಟ್ರು ನಡುಗುತ್ತಾ ಒಳಗೆ ಬಂದರು. ಕೆಲಸ ಹೋಯಿತೆಂದೇ ತಿಳಿದಿದ್ದರು ಪಾಪ. ಹೊರಗೆ ಬರುವಾಗ ಮೆತ್ತೆಯ ಕುರ್ಚಿ, ಫ್ಯಾನು, ಲೈಬ್ರರಿಯ ಬೀಗದ ಕೈ ಎಲ್ಲ ಅವರದಾಗಿತ್ತು.

"ಹಾಗಾದ್ರೆ ಸಾರ್, ಅವರ ಲೆಕ್ಕದ ಕ್ಲಾಸು?" ಎಂದು ಹೆಡ್‌ಮಿಸ್ಸು ಕೇಳಿದರು.

"ಇವರಿದ್ದಾರಲ್ಲ! ಮಕ್ಕಳು ಇವರ ಸೀಟಿಗೇ ಇಷ್ಟು ಹೆದರ್ತಾರೆ. ಇವರು ಹೇಳಿದ್ರೆ ಲೆಕ್ಕ ಕಲಿಯಲ್ವಾ?"

ಕುರ್ಚಿಗಾಗಿ ಹೋದ ಡ್ರಿಲ್ ಮೇಷ್ಟ್ರು ಲೆಕ್ಕದ ಪುಸ್ತಕ ಹಿಡಿದು ಕಾರಿಡಾರಿಗೆ ಬಂದರು. ಒಳ್ಳೇ ಇಟ್ಟಿಗೆಯಷ್ಟು ದಪ್ಪ. ಪುಟ ತಿರುವಿದರು. ಪರೀಕ್ಷೆ ಹತ್ತಿರ ಬಂದಿದೆ, ಅರ್ಧಕ್ಕಿಂತ ಹೆಚ್ಚು ಪಾಠ ಇನ್ನೂ ಮುಟ್ಟೇ ಇಲ್ಲ. ಎದುರಿಗೆ ಲೀಡರ್ ಹುಡುಗಿ ಬಂದಳು, ಹಿಂದೆ ಅರ್ಧ ಕ್ಲಾಸು. ಎಲ್ಲರ ಬೂಟಿನ ಮೇಲೂ ಮೈದಾನದ ಧೂಳು.

"ಸಾರ್, ನಾಳೆ ನಮ್ಮ ಪಿ.ಟಿ. ಪೀರಿಯಡ್ ಇದೆ. ಗ್ರೌಂಡಿಗೆ ಬಿಡ್ತೀರಲ್ವಾ?"

ಮೇಷ್ಟ್ರು ಆ ಮುಖಗಳನ್ನು ನೋಡಿದರು. ಪುಸ್ತಕವನ್ನು ನೋಡಿದರು.

"ಪೋರ್ಷನ್ ಮುಗಿದಿಲ್ಲ ಕಣಮ್ಮ," ಎಂದರು. "ನಾಳೆ ಎಲ್ಲಾ ಲೆಕ್ಕದ ಪುಸ್ತಕ ತಗೊಂಡ್ ಬನ್ನಿ."