ನಿಂತ ಕಾರಿಗೆ ಊರೆಲ್ಲ ವೈದ್ಯರು

ಸಿಟ್ಟು ನೆತ್ತಿಗೇರಲು ಕೆಲವರಿಗೆ ದಾಯಾದಿ ಬೇಕು, ಕೆಲವರಿಗೆ ಮೇಲಧಿಕಾರಿ ಬೇಕು. ನನಗೆ ಅಪ್ಪ ಬಿಟ್ಟುಹೋದ ಹಳೇ ಕಾರೊಂದೇ ಸಾಕಾಗಿತ್ತು. ಎಪ್ಪತ್ತರ ದಶಕದ ಕೊನೆಗೆ ನಾನು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆ ಕಾರು ವಾರಕ್ಕೊಮ್ಮೆಯಾದರೂ ನಾಲ್ಕು ಮಂದಿಯ ಮುಂದೆ ನನ್ನ ಮರ್ಯಾದೆ ತೆಗೆಯುತ್ತಿತ್ತು.

ಅಂಗಳದ ಪರೀಕ್ಷೆ

ಅಂಗಳದಲ್ಲಿ ಚಾಲೂ ಮಾಡಿಟ್ಟರೆ ಕೆಮ್ಮದೆ ಕ್ಯಾಕರಿಸದೆ ಓಡುತ್ತಿತ್ತು. ಊರು ಬಿಟ್ಟು ಏಳೆಂಟು ಮೈಲಿ ಹೋದರೆ ಗಕ್ಕನೆ ನಿಲ್ಲುತ್ತಿತ್ತು. ಒಂದು ರವಿವಾರ ಹಲ್ಲು ಕಚ್ಚಿ ಬಿಚ್ಚುವುದನ್ನೆಲ್ಲ ಬಿಚ್ಚಿ, ಹಪ್ಪಳ ಒಣಗಿಸುವ ಚಾಪೆಯ ಮೇಲೆ ಹರವಿದೆ. ತಿರುಗಿ ಜೋಡಿಸಿದಾಗ ಎರಡು ಬೋಲ್ಟು ಉಳಿದವು. ಕಾರು ಮೊದಲಿನಂತೆಯೇ ಓಡಿತು, ಮೊದಲಿನಂತೆಯೇ ನಿಂತಿತು.

ಅಷ್ಟರಲ್ಲಿ ಇಳಕಲ್ಲಿನಲ್ಲಿದ್ದ ಹೆಂಡತಿಯ ತಮ್ಮನ ಲಗ್ನ ಬಾದಾಮಿಯಲ್ಲಿ ಗೊತ್ತಾಯಿತು. ಮದುಮಗನನ್ನು ನನ್ನ ಕಾರಿನಲ್ಲೇ ತರುತ್ತೇನೆಂದು ಬೀಗರ ಮುಂದೆ ಎದೆ ತಟ್ಟಿಕೊಂಡು ಬಂದಿದ್ದೆ.

"ನಡು ಹಾದ್ಯಾಗ ನಿಂತ್ರ ಏನ್ ಮಾಡ್ತೀರಿ?" ಅಂದಳು ಹೆಂಡತಿ.

"ನಿಂತ್ರ ಹೊತ್ಕೊಂಡು ಹೋಗ್ತೇನಿ!" ಎಂದು ಚೀರಿದೆ.

"ಕಾರನ್ನೋ, ನನ್ನ ತಮ್ಮನ್ನೋ?"

ಗಿರಣಿ ಮಾಲಕರ ಹಸಿ ಬಟ್ಟೆ

ಮೊದಲು ಕೈ ಹಾಕಿದವರು ಪಕ್ಕದ ಮನೆಯ ಹಿಟ್ಟಿನ ಗಿರಣಿ ಮಾಲಕರು. ಅವರನ್ನು ಕೂರಿಸಿಕೊಂಡು ಹೊರಟೆ. ಅಮೀನಗಡ ಇನ್ನೇನು ಬಂತು ಅನ್ನುವಾಗ ಕಾರು ನಿಂತಿತು. ಅವರು ಟಾಕಿಯ ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡಿದರು. ಪೆಟ್ರೋಲು ಬೇಕಾದಷ್ಟಿತ್ತು.

"ಪೆಟ್ರೋಲ್ ಎಳಿಯೋ ಪಂಪು ಕಾದೈತ್ರಿ ಮಾಸ್ತರ" ಎಂದು ನನ್ನ ಹೊಸ ಟವೆಲ್ಲನ್ನೇ ತೋಯಿಸಿ ಅದಕ್ಕೆ ಸುತ್ತಿದರು. ಚಾಲೂ ಆಯಿತು! ಅಮೀನಗಡದಲ್ಲಿ ಬಹುಮಾನವೆಂದು ನನ್ನ ಕೈಯಿಂದ ಕರದಂಟು ಕೊಡಿಸಿಕೊಂಡು ತಿಂದರು. ಮರಳುವಾಗ ಮತ್ತೆ ನಿಂತಿತು.

"ಬಟ್ಟಿ ಇನ್ನೂ ಹಸೀನ ಐತಲ್ರಿ!" ಎಂದು ಮೈಮೇಲೆ ಹೋದೆ.

ಅವರು ಕರದಂಟು ಅಗಿಯುತ್ತಲೇ, "ಹೌದ್ರಿ, ಈಗ ಥಂಡಿ ಆಗೈತಿ" ಅಂದರು.

ಕಂಪೌಂಡರರ ನಾಡಿ ಪರೀಕ್ಷೆ

ಮುಂದಿನ ವಾರ ದವಾಖಾನೆಯ ಕಂಪೌಂಡರರು ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡೇ ಕಾರು ಹತ್ತಿದರು. ಅದೇ ಅಮೀನಗಡದ ಹತ್ತಿರ ಕಾರು ನಿಂತಿತು. ಅವರೂ ಮುಚ್ಚಳ ತೆಗೆದರು, ಕಡ್ಡಿ ಅದ್ದಿದರು. ಆಮೇಲೆ ಸತ್ತುಬಿದ್ದ ಎಂಜಿನ್ನಿಗೆ ಸ್ಟೆತಾಸ್ಕೋಪು ಹಚ್ಚಿ ಕಣ್ಣು ಮುಚ್ಚಿದರು.

"ಓಡೂ ಮುಂದ ಕೇಳ್ಬೇಕ್ರಿ! ನಿಂತದ್ದರಾಗ ಏನ್ ಕೇಳ್ತೀರಿ?" ನನಗೆ ರಕ್ತ ಕುದಿಯುತ್ತಿತ್ತು.

"ಸಾವಕಾಶ್ರಿ ಮಾಸ್ತರ. ಖರೇನ ನಿಂತೈತೋ ಇಲ್ಲೋ, ಮೊದ್ಲ ಅದನ್ನ ನೋಡ್ಬೇಕಲ್ರಿ."

ಆಮೇಲೆ ಪ್ಲಗ್ಗು ಬಿಚ್ಚಿ ಊದಿದರು. ಕಾರು ಚಾಲೂ ಆಯಿತು. ಗಿರಣಿಯವರಿಗೆ ಬುದ್ಧಿ ಇಲ್ಲವೆಂದು ದಾರಿಯುದ್ದಕ್ಕೂ ಬಯ್ದರು. ಅಲ್ಲಿಂದ ಎಂಟನೇ ಮೈಲಿಗೆ ಕಾರು ಮತ್ತೆ ನಿಂತಾಗ ಸ್ಟೆತಾಸ್ಕೋಪು ಚೀಲದೊಳಗೆ ಹಾಕಿ, ಬಂದ ಬಸ್ಸು ಹತ್ತಿಕೊಂಡು ಹೋಗಿಬಿಟ್ಟರು.

ಲಗ್ನದ ದಿನ

ಬಾಸಿಂಗ ಕಟ್ಟಿದ ಮದುಮಗ ನನ್ನ ಪಕ್ಕ, ಹೆಂಡತಿ ಮತ್ತು ನಮ್ಮ ಅವ್ವ ಹಿಂದೆ. ನಡುವೆ ಎರಡು ಸಲ ನಿಂತು, ಹೇಗೋ ಗುಳೇದಗುಡ್ಡ ದಾಟಿತು. ಅಲ್ಲಿ ಮೂರನೇ ಸಲ ನಿಂತಿತು. ಅಕ್ಷತೆಗೆ ಉಳಿದದ್ದು ಅರ್ಧ ತಾಸು.

"ಮಾಮಾ, ನಾ ನಡ್ಕೊಂತ ಹೋಗ್ಲ್ಯಾ?" ಅಂದ ಮದುಮಗ. ಹಿಂದಿನಿಂದ ಹೆಂಡತಿ ಅಳುವ ಸದ್ದು.

ಇಳಿದೆ. ಮುಚ್ಚಳ ತೆಗೆದು ಕಡ್ಡಿ ಅದ್ದಿದೆ. ಪೆಟ್ರೋಲು ಇದೆ! ನನಗೆ ಕಣ್ಣು ಕತ್ತಲೆ ಬಂತು. ಇಡೀ ಕಾರನ್ನು ಎತ್ತಿ ಒಗೆಯಲು ಆಗಲಿಲ್ಲ, ಕೈಯಲ್ಲಿದ್ದ ಮುಚ್ಚಳವನ್ನೇ ಜೋಳದ ಹೊಲಕ್ಕೆ ಬೀಸಿ ಒಗೆದೆ. ಟಾಕಿಯ ಬಾಯಿಗೆ ಕರವಸ್ತ್ರ ಕಟ್ಟಿ ಚಾಲೂ ಮಾಡಿದೆ. ಬಾದಾಮಿ ಬರುವ ತನಕ ಆ ಕಾರು ಒಮ್ಮೆಯೂ ನಿಲ್ಲಲಿಲ್ಲ. ಅಕ್ಷತೆ ವೇಳೆಗೆ ಸರಿಯಾಗಿ ಬಿತ್ತು.

ಊಟಕ್ಕೆ ಕರೆಯುವ ಹೊತ್ತಿಗೆ ಬೀಗರ ಕಡೆಯ ಮುದುಕ ಡ್ರೈವರೊಬ್ಬರು ನನ್ನ ಕಥೆ ಕೇಳಿ ನಕ್ಕರು. "ಮುಚ್ಚಳಕ್ಕ ಸಣ್ಣ ತೂತು ಇರ್ತೈತ್ರಿ. ಅದು ಕಟ್ಟಿದ್ರ ಟಾಕಿಯೊಳಗ ಗಾಳಿ ಹೋಗಂಗಿಲ್ಲ, ಪೆಟ್ರೋಲ್ ಹೊರಗ ಬರಂಗಿಲ್ಲ. ಮುಚ್ಚಳ ತಗದಾಗೊಮ್ಮೆ ಗಾಳಿ ಹೋಗಿ ಮತ್ತ ಚಾಲೂ ಆಗ್ತಿತ್ತು. ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡಿತಾರ್ರಿ?"

ವರ್ಷವರ್ಷವೂ ಎಂಟನೇ ಇಯತ್ತೆಗೆ ಇದೇ ಪಾಠ ಹೇಳುವವನು ನಾನು. ನಾಚಿಕೆಗೆ ಸಿಟ್ಟು ಇಮ್ಮಡಿಯಾಯಿತು. "ಆ ತೂತು ಮುಚ್ಚಿದ ಪುಣ್ಯಾತ್ಮ ಯಾರು?" ಎಂದು ಬೀಗರೆಲ್ಲ ತಿರುಗಿ ನೋಡುವ ಹಾಗೆ ಗರ್ಜಿಸಿದೆ.

"ನಾನ. ಯಾಕ?" ಅವ್ವ ಎದ್ದು ನಿಂತಳು. "ಸ್ವಾಮಾರಕ್ಕೊಮ್ಮೆ ಪೂಜಿ ಆದಮ್ಯಾಲ ವಿಭೂತಿ ಹಚ್ತೇನಿ. ಎತ್ತಿಗಾದ್ರ ಹಣಿ ಐತಿ, ಇದಕ್ಕ ಎಲ್ಲೈತಿ? ಉಣ್ಣೂ ಬಾಯಿಗೇ ಹಚ್ಚಿದೆ."

ತೋಯಿಸಿದ ವಿಭೂತಿ, ವರ್ಷಗಟ್ಟಲೆ, ಪದರಿನ ಮೇಲೆ ಪದರು!

"ಅದಕ್ಕ ಕಾರು ನಿಲ್ತಿತ್ತು, ಅವ್ವಾ!"

"ನಿಂತ್ರ ನಿಲ್ಲಲಿ, ಎಲ್ಲೂ ಬಿದ್ದಿಲ್ಲಲ್ಲ? ಈಗ ಆ ಮುಚ್ಚಳ ಎಲ್ಲೈತಿ?"

"ಹೊಲದಾಗ ಒಗದೇನಿ."

ಅವ್ವನ ಮುಖ ಕೆಂಪಾಯಿತು. ನನ್ನ ಸಿಟ್ಟು ಯಾರಿಂದ ಬಂದದ್ದೆಂದು ಆ ದಿನ ಬೀಗರಿಗೆಲ್ಲ ಗೊತ್ತಾಯಿತು. "ವಿಭೂತಿ ಹಚ್ಚಿದ್ದನ್ನ ಒಗದೀಯೇನು? ಅದನ್ನ ಹುಡುಕಿ ತರೂತನಕ ಎಲಿ ಮುಂದ ಕುಂತಿ ಅಂದ್ರ ನೋಡು!"

ಬೀಗರೆಲ್ಲ ಹೋಳಿಗೆ ಉಣ್ಣುವ ಹೊತ್ತಿಗೆ ನಾನು ಗುಳೇದಗುಡ್ಡದ ಕಡೆಗೆ ಮರಳಿ ಹೋಗಿ, ಎದೆಮಟ್ಟ ಬೆಳೆದ ಜೋಳದಲ್ಲಿ ಬಗ್ಗಿ ಮುಚ್ಚಳ ಹುಡುಕುತ್ತಿದ್ದೆ. ರಸ್ತೆ ಬದಿಗೆ ಚಾಲೂ ಬಿಟ್ಟಿದ್ದ ಕಾರು, ಸಂಜೆಯ ತನಕ ನಿಲ್ಲಲೇ ಇಲ್ಲ.